ಎಲ್ಲ ದಿಕ್ಕಿನ ಕರೆ

ಬಸರಿದೊಡ್ಡಿಯಲ್ಲಿ ದೀಪ ಹಚ್ಚಿದ ಮೇಲೆ ಹೊರಗಿನಿಂದ ಯಾರಾದರೂ ಹೆಸರು ಹಿಡಿದು ಕೂಗಿದರೆ ಒಳಗಿದ್ದವರು ಮೊದಲ ಕೂಗಿಗೆ ಓಗೊಡುವುದಿಲ್ಲ. ಎರಡನೆಯದಕ್ಕೂ ಇಲ್ಲ. ಮೂರನೆಯ ಸಲ ಕೇಳಿಸಿದ ಮೇಲೆಯೇ ‘ಓ’ ಎನ್ನುವುದು. ಮನುಷ್ಯರಾದರೆ ಮೂರು ಸಲ ಕೂಗುತ್ತಾರೆ, ಮನುಷ್ಯರಲ್ಲದ್ದಕ್ಕೆ ಅಷ್ಟು ತಾಳ್ಮೆಯಿರುವುದಿಲ್ಲ ಎಂದು ಅಲ್ಲಿಯವರ ತಿಳಿವಳಿಕೆ. ಅವಸರಪಟ್ಟು ಮೊದಲ ಕೂಗಿಗೇ ಬಾಗಿಲು ತೆಗೆದು ಹೋದವರು ಹಿಂದಿರುಗುವುದಿಲ್ಲವಂತೆ. ಮರುದಿನ ಮುಸ್ಸಂಜೆ ಇನ್ನೊಬ್ಬರ ಬಾಗಿಲಲ್ಲಿ ಕೂಗುವ ದನಿ ಅವರದೇ ಆಗಿರುತ್ತದಂತೆ. ಹೀಗೆ ಓಗೊಟ್ಟವನೇ ಕೂಗುವವನಾಗುತ್ತ, ಒಂದು ದನಿ ಹಲವಾಗಿ, ಕೊನೆಗೆ ಒಂದು ಊರೇ ಬರಿದಾದ ಕಥೆಯನ್ನು ಆ ಸೀಮೆಯ ಹೆಂಗಸರು ರೇಷ್ಮೆ ಚಿಟ್ಟೆ ಆರಿಸುತ್ತ ಹೇಳುತ್ತಾರೆ.

ಕೂಗಿಗೆ ಸಿಕ್ಕಿ ನಡೆಯತೊಡಗಿದವನನ್ನು ನಿಲ್ಲಿಸಲು ಅವರಲ್ಲಿ ಒಂದೇ ಉಪಾಯ. ಹಿಡಿದು ಕಟ್ಟಿದರೆ ಪ್ರಯೋಜನವಿಲ್ಲ. ಹಗ್ಗ ಹರಿದುಕೊಂಡು ಹೋಗುತ್ತಾನೆ. ನೆರೆಹೊರೆಯವರೆಲ್ಲ ಅವನ ಸುತ್ತ ದೂರದೂರ ನಿಂತು, ಎಡೆಬಿಡದೆ ಅವನ ಹೆಸರನ್ನು ಕೂಗಬೇಕು. ಎಲ್ಲ ದಿಕ್ಕಿನಿಂದಲೂ ಕರೆ ಬಂದಾಗ ಯಾವ ದಿಕ್ಕಿಗೆ ಹೆಜ್ಜೆ ಇಡಬೇಕೆಂದು ತಿಳಿಯದೆ ಅವನು ನಿಂತುಬಿಡುತ್ತಾನೆ. ಇದಕ್ಕೆ ಸುತ್ತುಗೂಗು ಎಂದು ಹೆಸರು. ಗುಣವತಿಯ ಕಥೆಯನ್ನು ಹೇಳುವವರೆಲ್ಲ ಮೊದಲು ಈ ಎರಡು ಸಂಗತಿಗಳನ್ನು ಹೇಳಿಯೇ ಮುಂದಕ್ಕೆ ಹೋಗುವುದರಿಂದ ಇಲ್ಲಿಯೂ ಆ ಕ್ರಮವನ್ನು ಕೆಡಿಸಿಲ್ಲ.

ಗುಣವತಿ ಮತ್ತು ಅವಳ ಅಕ್ಕ ಪುಟ್ಟತಾಯಿ ಇದ್ದ ಮನೆಗೂ ಊರಿನ ಬಿತ್ತನೆ ಕೋಠಿಗೂ ನಡುವೆ ಒಂದೇ ಗೋಡೆ. ಬಿತ್ತನೆ ಕೋಠಿಯೆಂದರೆ ರೇಷ್ಮೆ ಹುಳುವಿನ ಮೊಟ್ಟೆ ತಯಾರಾಗುವ ಜಾಗ. ಅಲ್ಲಿ ಗೂಡನ್ನು ಬೇಯಿಸುವುದಿಲ್ಲ, ನೂಲು ತೆಗೆಯುವುದಿಲ್ಲ. ಚಿಟ್ಟೆ ತಾನಾಗಿ ಗೂಡು ತೂತು ಮಾಡಿಕೊಂಡು ಹೊರಬರುವ ತನಕ ಕಾಯುತ್ತಾರೆ. ಬೆಳಗಿನ ಜಾವ ತಟ್ಟೆ ತಟ್ಟೆಗಳಲ್ಲಿ ಬೆಳ್ಳಗೆ ಎದ್ದು ಕೂತ ಚಿಟ್ಟೆಗಳಲ್ಲಿ ಗಂಡನ್ನೂ ಹೆಣ್ಣನ್ನೂ ಆರಿಸಿ ಬೇರೆಮಾಡುವುದು, ಜೋಡಿ ಕೂಡಿಸುವುದು, ಹೊತ್ತು ನೋಡಿ ಜೋಡಿ ಬಿಡಿಸಿ ಹೆಣ್ಣನ್ನು ಕಾಗದದ ಮೇಲೆ ಮೊಟ್ಟೆ ಇಡಲು ಬಿಡುವುದು, ಇವೆಲ್ಲ ಹೆಂಗಸರ ಕೆಲಸ. ಸಾಕಿದ ರೇಷ್ಮೆ ಚಿಟ್ಟೆಗೆ ರೆಕ್ಕೆಯುಂಟು, ಹಾರಾಟವಿಲ್ಲ. ಕೂತಲ್ಲೇ ರೆಕ್ಕೆ ಬಡಿಯುತ್ತದೆ. ಬಡಿದಾಗಲೆಲ್ಲ ಹಿಟ್ಟಿನಂಥ ಪುಡಿ ಏಳುತ್ತದೆ. ಆ ಪುಡಿ ಹೆಂಗಸರ ತಲೆಗೂದಲಲ್ಲಿ, ಸೆರಗಿನಲ್ಲಿ, ಊಟದ ಡಬ್ಬಿಯ ಮುಚ್ಚಳದ ಮೇಲೆ, ಕಡೆಗೆ ಶ್ವಾಸಕೋಶದಲ್ಲಿ ಸೇರುತ್ತದೆ.

ಕೋಠಿಯ ಹೆಂಗಸರಿಗೆ ಉಬ್ಬಸ ಬರುವುದು ಹೊಸ ಸುದ್ದಿಯಲ್ಲ. ಅಕ್ಕತಂಗಿಯರ ತಾಯಿ ದೇವೀರಮ್ಮ ತೀರಿಕೊಂಡದ್ದೂ ಅದರಿಂದಲೇ. ಉಸಿರು ಒಳಕ್ಕೆ ಹೋಗುತ್ತಿತ್ತು, ಹೊರಕ್ಕೆ ಬರುತ್ತಿರಲಿಲ್ಲ. ಮಲಗಲಾರದೆ ಗೋಡೆಗೆ ಒರಗಿ ಕೂತವಳು ಕೂತಂತೆಯೇ ಹೋದಳು. ಗೋಡೆಯಾಚೆ ಚಿಟ್ಟೆಗಳ ರೆಕ್ಕೆ ಬಡಿಯುವ ಸದ್ದು ಮಾತ್ರ ನಿಂತಿರಲಿಲ್ಲ. ತಾಯಿಯ ಕೆಲಸಕ್ಕೆ ಪುಟ್ಟತಾಯಿ ಸೇರಿದಳು, ತಂಗಿಯನ್ನು ಓದಿಸಿದಳು. ಮದುವೆಯ ಮಾತು ಬಂದಾಗಲೆಲ್ಲ, ‘ದಿನಾ ಬೆಳಗ್ಗೆ ಸಾವಿರ ಮದ್ವೆ ಮಾಡಿಸ್ತೀನಿ, ನನಗೊಂದು ಬೇರೆ ಯಾಕೆ’ ಎಂದು ನಗುತ್ತಿದ್ದಳಂತೆ. ಗುಣವತಿ ಓದಿ ವಿಜ್ಞಾನಿಯಾಗಿ, ಊರ ಹೊರಗಿನ ಸಂಶೋಧನಾ ಕೇಂದ್ರದಲ್ಲಿ ಕೆಲಸ ಹಿಡಿಯುವ ಹೊತ್ತಿಗೆ ಪುಟ್ಟತಾಯಿಯೂ ಗೋಡೆಗೆ ಒರಗಿ ಕೂರತೊಡಗಿದ್ದಳು. ತಾಯಿ ಒರಗಿದ್ದ ಜಾಗದಲ್ಲಿಯೇ. ತಲೆ ತಾಗಿ ತಾಗಿ ಅಲ್ಲಿ ಸುಣ್ಣ ಮಾಸಿ ಒಂದು ಗುರುತು ಉಳಿದಿತ್ತು. ಅಕ್ಕನ ತಲೆ ಸರಿಯಾಗಿ ಅದರ ಮೇಲೆಯೇ ಕೂರುತ್ತಿತ್ತು. ಗುಣವತಿಗೆ ಆ ಗುರುತಿನ ಕಡೆ ನೋಡಲಾಗುತ್ತಿರಲಿಲ್ಲ. ಅವಳು ಹಿಡಿದ ಸಂಶೋಧನೆಗೆ ಕಾರಣ ಹುಡುಕುವವರು ಬೇರೆಲ್ಲಿಗೂ ಹೋಗಬೇಕಾಗಿಲ್ಲ.

ಪ್ರಯೋಗಶಾಲೆಯಲ್ಲಿ ಅವಳು ದಿನವೆಲ್ಲ ನೋಡುತ್ತಿದ್ದುದೂ ಕರೆಯ ಆಟವನ್ನೇ. ಅಲರ್ಜಿಯೆಂದರೆ ಪುಡಿಯ ತಪ್ಪಲ್ಲ, ಪುಡಿಯನ್ನು ಶತ್ರುವೆಂದು ತಿಳಿದ ದೇಹದ ಗಾಬರಿ. ಪುಡಿ ತಾಗಿದೊಡನೆ ಶ್ವಾಸನಾಳದ ಗೋಡೆಯ ಜೀವಕೋಶಗಳು ಸಣ್ಣ ಸಣ್ಣ ಪ್ರೋಟೀನುಗಳನ್ನು ಸುತ್ತ ಹರಡುತ್ತವೆ. ಅವಕ್ಕೆ ಕೀಮೊಕೈನ್ ಎಂದು ಹೆಸರು. ಗುಣವತಿ ಮನೆಯಲ್ಲಿ ಅದನ್ನು ಕರೆ ಎನ್ನುತ್ತಿದ್ದಳು. ರಕ್ತದಲ್ಲಿ ತಮ್ಮ ಪಾಡಿಗೆ ತಾವು ಉರುಳಿಕೊಂಡು ಹೋಗುವ ಬಿಳಿ ರಕ್ತಕಣಗಳಲ್ಲಿ ಇಯೊಸಿನೊಫಿಲ್ ಎಂಬ ಒಂದು ಬಗೆಯುಂಟು. ಕರೆ ಕೇಳುವ ಕಿವಿಗಳು ಅವುಗಳ ಮೈಮೇಲೆಲ್ಲ ಇವೆ. ಯಾವ ಬದಿಯ ಕಿವಿಗೆ ಕರೆ ಒಂದಿಷ್ಟು ಹೆಚ್ಚಾಗಿ ತಾಗುತ್ತದೋ ಆ ಬದಿಗೆ ಕಣ ತನ್ನ ಮೈಯನ್ನು ಚಾಚುತ್ತದೆ; ರಕ್ತನಾಳದ ಗೋಡೆಗೆ ಅಂಟಿ, ಸಂದಿನಲ್ಲಿ ನುಸುಳಿ, ಹೊರಬಿದ್ದು ನಡೆಯುತ್ತದೆ. ಕರೆದ ಜಾಗಕ್ಕೆ ತಲುಪಿ, ತನ್ನ ಹೊಟ್ಟೆಯೊಳಗಿನ ಉರಿಯುವ ವಿಷವನ್ನು ಅಲ್ಲಿ ಕಾರುತ್ತದೆ. ಅದು ಹುಟ್ಟಿದ್ದು ಹೊಟ್ಟೆಹುಳುಗಳಂಥ ಶತ್ರುಗಳನ್ನು ಸುಡುವುದಕ್ಕೆ. ಶತ್ರು ಇಲ್ಲದಲ್ಲಿ ಅದು ಮನೆಯನ್ನೇ ಸುಡುತ್ತದೆ.

ಕರೆಯನ್ನು ಅಡಗಿಸುವ ಔಷಧಗಳು ಆಗಲೇ ಇದ್ದವು. ಅವುಗಳ ಫಲ ಕೆಲವರಿಗೆ ಸಿಗುತ್ತಿತ್ತು, ಪುಟ್ಟತಾಯಿಯಂಥವರಿಗೆ ಸಿಗುತ್ತಿರಲಿಲ್ಲ. ಗುಣವತಿಗೆ ಹೊಳೆದದ್ದು ಬೇರೆ. ಕರೆಯನ್ನು ಅಡಗಿಸುವುದೇಕೆ, ಬೇರೆ ಕಡೆಯಿಂದ ಇನ್ನೂ ಜೋರಾಗಿ ಕರೆದರೆ ಹೇಗೆ? ಶ್ವಾಸಕೋಶದಿಂದ ದೂರದಲ್ಲಿ, ಏನೂ ಕೆಡದ ಒಂದು ಜಾಗದಲ್ಲಿ, ಮುಂಗೈ ಚರ್ಮದ ಅಡಿಯಲ್ಲಿ ಒಂದು ಸುಳ್ಳು ಕರೆ ಇಟ್ಟರೆ ಕಣಗಳೆಲ್ಲ ಅಲ್ಲಿಗೆ ಹೋಗಿ ಸುಮ್ಮನೆ ಕೂತು ಸಾಯುವುದಿಲ್ಲವೇ?

ಆ ಕರೆಯನ್ನು ಹೊರಲು ಅವಳು ಆರಿಸಿಕೊಂಡದ್ದು ರೇಷ್ಮೆಯನ್ನು. ಮನುಷ್ಯ ದೇಹದ ಕರೆಯ ಪ್ರೋಟೀನನ್ನು ನೂಲಿನ ಜೊತೆಗೇ ಹೊರಬಿಡುವಂಥ ರೇಷ್ಮೆ ಹುಳುಗಳನ್ನು ಅವಳ ತಂಡ ಬೆಳೆಸಿತು. ಕರೆ ಒಂದೇ ಸಲಕ್ಕೆ ಸೋರಿಹೋಗಬಾರದು, ತಿಂಗಳುಗಟ್ಟಲೆ ಸ್ವಲ್ಪಸ್ವಲ್ಪವಾಗಿ ಜಿನುಗಬೇಕು. ಅದಕ್ಕೆ ಹಿಡಿದಿಟ್ಟುಕೊಳ್ಳುವ ಒಂದು ವಾಹಕ ಬೇಕಿತ್ತು. ಗಂಡು ಚಿಟ್ಟೆಯ ಮೀಸೆಯಲ್ಲಿ, ಹೆಣ್ಣಿನ ವಾಸನೆಯನ್ನು ಹಿಡಿದು ನರಕ್ಕೆ ಒಪ್ಪಿಸುವ ಒಂದು ಪ್ರೋಟೀನು ಇರುತ್ತದೆ. ಗುಣವತಿ ಅದನ್ನೇ ತೆಗೆದು, ಕೊಂಚ ತಿದ್ದಿ, ನೂಲಿಗೆ ಸೇರಿಸಿದಳು. ಕೇಂದ್ರದ ವೈದ್ಯ ಇಮ್ತಿಯಾಜ್ ಅದನ್ನು ನೋಡಿ, ಕರೆಯನ್ನು ಹೊರಲು ಕರೆ ಕೇಳುವವರ ಮನೆಯಿಂದಲೇ ಆಳನ್ನು ತಂದಿದ್ದೀರಿ ಎಂದು ಮೆಚ್ಚಿಕೊಂಡ. ಅದು ಹಳೆಯ ಯಜಮಾನನನ್ನು ಮರೆತಿದೆಯೇ ಎಂದು ಅವನೂ ಕೇಳಲಿಲ್ಲ, ಅವಳೂ ಕೇಳಿಕೊಳ್ಳಲಿಲ್ಲ.

ಪ್ರಾಣಿಗಳ ಮೇಲಿನ ಪರೀಕ್ಷೆ ಮುಗಿದು, ಅನುಮತಿ ಸಿಕ್ಕಿ, ಕೋಠಿಯ ಹೆಂಗಸರಲ್ಲಿ ಒಪ್ಪಿದವರಿಗೆ ದಾರ ಹೊಲಿಯುವುದೆಂದಾಯಿತು. ಮೊದಲು ಕೈ ಚಾಚಿದವಳು ಪುಟ್ಟತಾಯಿ. ಇಮ್ತಿಯಾಜ್ ಅವಳ ಬಲ ಮುಂಗೈಯ ಒಳಬದಿಯಲ್ಲಿ ಕೂದಲಿನಷ್ಟು ತೆಳುವಾದ ರೇಷ್ಮೆಯ ಸುರುಳಿಯೊಂದನ್ನು ಚರ್ಮದಡಿ ಇಟ್ಟು ಹೊಲಿದ. ಕೆಲವು ದಿನಗಳಲ್ಲಿ ಅಲ್ಲಿ ಸಣ್ಣದೊಂದು ಗಂಟು ಎದ್ದಿತು. ಸುತ್ತಲ ಚರ್ಮಕ್ಕಿಂತ ಬೆಳ್ಳಗೆ, ಉದ್ದುದ್ದಕ್ಕೆ, ನಡುವೆ ಸ್ವಲ್ಪ ಸೊಂಟ ಕಟ್ಟಿದಂತೆ. ಥೇಟು ಗೂಡಿನ ಆಕಾರ.

ಅದಾದ ಮೇಲೆ ಒಂದು ಬೆಳಿಗ್ಗೆ ಗುಣವತಿ ಎದ್ದು ನೋಡಿದಾಗ ಅಕ್ಕ ಗೋಡೆಯ ಬಳಿ ಇರಲಿಲ್ಲ. ಚಾಪೆಯ ಮೇಲೆ ಅಂಗಾತ ಮಲಗಿದ್ದಳು. ಗುಣವತಿ ಹೆದರಿ ಮೂಗಿನ ಬಳಿ ಕೈ ಹಿಡಿದಳು. ಉಸಿರು ಸದ್ದಿಲ್ಲದೆ ಹೋಗಿಬರುತ್ತಿತ್ತು. ಆ ಮನೆಯಲ್ಲಿ ಉಸಿರಿಗೆ ಸದ್ದಿಲ್ಲದೆ ಇದ್ದದ್ದನ್ನು ಅವಳು ಕಂಡದ್ದೇ ಅಂದು.

ಉಳಿದವರಿಗೂ ದಾರ ಬಿತ್ತು. ಕೋಠಿಯ ಹಿರಿಯ ಕೆಲಸಗಾರ್ತಿ ನಿಂಗರಾಜಮ್ಮ ಮೊದಲು ಬೇಡವೆಂದವಳು, ಪುಟ್ಟತಾಯಿ ಮೂಗಿಗೆ ಬಟ್ಟೆ ಕಟ್ಟದೆ ಚಿಟ್ಟೆ ಕೋಣೆಯೊಳಗೆ ಹಾಡಿಕೊಳ್ಳುತ್ತ ಓಡಾಡುವುದನ್ನು ಕಂಡು ತಾನೂ ಬಂದಳು. ಹೊಲಿಗೆ ಹಾಕುವಾಗ ಅವಳು ಗುಣವತಿಯನ್ನು ಬಿಡದೆ ಕಿಚಾಯಿಸಿದಳು. ‘ಹುಳಕ್ಕೆ ಗೂಡು ಕಟ್ಟಕ್ಕೆ ಬಿದಿರು ಚಂದ್ರಿಕೆ ಸಾಲ್ದು ಅಂತ ನಮ್ಮ ಕೈಗೇ ಬಂದ್ಯಾ, ಡಾಕ್ಟ್ರಮ್ಮ?’ ಎಂದಳು. ವರ್ಷ ತುಂಬಿದ ಮೇಲೆ ದಾರ ತೆಗೆಸಿ ಹೊಸದು ಹಾಕಿಸಬೇಕು, ಗಂಟು ದೊಡ್ಡದಾದರೆ ತಡಮಾಡದೆ ಹೇಳಬೇಕು ಎಂದು ಗುಣವತಿ ಒಬ್ಬೊಬ್ಬರಿಗೂ ಒತ್ತಿ ಹೇಳಿದಳು. ಎಲ್ಲರೂ ತಲೆಯಾಡಿಸಿದರು.

ಕೆಲಸದ ಜಾಗದಲ್ಲಿ ಮುಂದೆ ನಡೆದದ್ದನ್ನು ಅವರಾರೂ ಅವಳಿಗೆ ಹೇಳಲಿಲ್ಲ. ಮುಚ್ಚಿಡಬೇಕೆಂದಲ್ಲ, ಹೇಳುವಂಥದ್ದೆಂದು ತೋರಲಿಲ್ಲ. ಪುಟ್ಟತಾಯಿ ಒಂದು ಬೆಳಿಗ್ಗೆ ಹೊಸದಾಗಿ ಎದ್ದ ಚಿಟ್ಟೆಗಳ ತಟ್ಟೆಯ ಮೇಲೆ ಬಲಗೈ ಚಾಚಿದಾಗ, ಗಂಡು ಚಿಟ್ಟೆಗಳೆಲ್ಲ ರೆಕ್ಕೆ ನಡುಗಿಸುತ್ತ ಅವಳ ಕೈಯ ಕಡೆಗೆ ತಿರುಗಿದವು. ಬಾಲ ಮಡಿಚಿಕೊಂಡು, ಒಂದರ ಮೇಲೊಂದು ಹತ್ತಿ, ಗಂಟಿನ ಸುತ್ತ ಮುತ್ತಿದವು. ಹೆಣ್ಣು ಚಿಟ್ಟೆಗಳು ಕೂತಲ್ಲಿಂದ ಅಲುಗಲಿಲ್ಲ. ಹೆಂಗಸರು ನಕ್ಕು ಸುಸ್ತಾದರು. ಆಮೇಲೆ ಅವರಿಗೆ ತಿಳಿಯಿತು, ದಿನದ ಅತಿ ಬೇಸರದ ಕೆಲಸ ಇನ್ನು ಮೇಲೆ ಇಲ್ಲವೆಂದು. ಕಣ್ಣು ಕೀಲಿಸಿ ಒಂದೊಂದನ್ನೇ ಗಂಡೋ ಹೆಣ್ಣೋ ಎಂದು ಆರಿಸಬೇಕಾಗಿಲ್ಲ. ಕೈ ಚಾಚಿದರೆ ಗಂಡುಗಳೆಲ್ಲ ಕೈ ಹತ್ತುತ್ತವೆ, ಒದರಿ ಬೇರೆ ತಟ್ಟೆಗೆ ಹಾಕಿದರಾಯಿತು. ಕೋಠಿಯ ಯಜಮಾನನಿಗೂ ಅದು ಹಿಡಿಸಿತು. ಪುಟ್ಟತಾಯಿಯ ಗಂಟು ಎಲ್ಲರದಕ್ಕಿಂತ ಹಳೆಯದಾದ್ದರಿಂದ ಅವಳ ಕೈಗೆ ಚಿಟ್ಟೆಗಳು ಹೆಚ್ಚು ಬರುತ್ತಿದ್ದವು. ತಟ್ಟೆಗಳೆಲ್ಲ ಅವಳ ಮುಂದೆಯೇ ಸಾಲುಗಟ್ಟಿದವು. ಅವಳು ಮೊಣಕೈವರೆಗೆ ಚಿಟ್ಟೆಯ ಪುಡಿಯಲ್ಲಿ ಕೈ ಅದ್ದಿ, ನಗುನಗುತ್ತ ದಿನ ಕಳೆಯುತ್ತಿದ್ದಳು. ವರ್ಷ ತುಂಬಿದಾಗ ದಾರ ತೆಗೆಸುವ ಮಾತನ್ನು ತಂಗಿ ಎತ್ತಿದರೆ, ಈ ಬೆಳೆ ಮುಗಿಯಲಿ ಎಂದಳು. ಮುಂದಿನ ಬೆಳೆಗೂ ಅದನ್ನೇ ಹೇಳಿದಳು.

ಗುಣವತಿಗೆ ವಿಷಯ ತಿಳಿದದ್ದು ಗೋಡೆಯಿಂದ. ಒಂದು ಮುಂಜಾನೆ ಅವಳು ಬಚ್ಚಲಿಗೆ ಹೋಗಿ ಬರುವಾಗ ಕೋಠಿಯ ಕಡೆಯ ಗೋಡೆಯ ಮೇಲೆ ಸೂರಿನಿಂದ ನೆಲದವರೆಗೆ ಬಿಳಿಯ ಗೆರೆಯೊಂದು ಕಂಡಿತು. ಸುಣ್ಣ ಸೋರಿದೆಯೆಂದು ಹತ್ತಿರ ಹೋದಳು. ಗೆರೆ ನಡುಗುತ್ತಿತ್ತು. ಹಾರಲಾರದ ಗಂಡು ಚಿಟ್ಟೆಗಳು ಹೆಂಚಿನ ಸಂದಿನಿಂದ ಇಳಿದು, ಒಂದರ ಹಿಂದೊಂದು ನಡೆದು ಬರುತ್ತಿದ್ದವು. ಗೆರೆ ನೆಲಕ್ಕಿಳಿದು, ಹೊಸ್ತಿಲು ದಾಟಿ, ಚಾಪೆಯವರೆಗೆ ಹೋಗಿತ್ತು. ಪುಟ್ಟತಾಯಿ ಗಾಢ ನಿದ್ರೆಯಲ್ಲಿದ್ದಳು. ಅವಳ ಬಲಗೈ ಮೊಣಕೈಯಿಂದ ಬೆರಳಿನ ತನಕ ಕಾಣುತ್ತಿರಲಿಲ್ಲ. ಬಿಳಿಯ ತುಪ್ಪಳದ ಕೈಗವಸು ತೊಟ್ಟಂತೆ ಚಿಟ್ಟೆಗಳು ಅದನ್ನು ಮುಚ್ಚಿದ್ದವು. ಮುಂಚೆ ಬಂದವು ಸತ್ತು ಕೆಳಗೆ ಬಿದ್ದಿದ್ದವು. ಅವುಗಳ ಮೇಲೆ ಹತ್ತಿ ಉಳಿದವು ಬರುತ್ತಿದ್ದವು.

ಅಕ್ಕನನ್ನು ಎಬ್ಬಿಸಿ ಕೇಳಿದಾಗ ಎಲ್ಲವೂ ಹೊರಬಿತ್ತು. ಗುಣವತಿ ಚಿಟ್ಟೆಯ ಮೀಸೆಯಿಂದ ತಂದ ಆಳು ಹಳೆಯ ಯಜಮಾನನನ್ನು ಮರೆತಿರಲಿಲ್ಲ. ಕೋಣೆಯ ಗಾಳಿಯಲ್ಲಿದ್ದ ಹೆಣ್ಣು ಚಿಟ್ಟೆಯ ವಾಸನೆಯನ್ನು ಅದು ಹೀರಿಕೊಂಡು ಕೂಡಿಡುತ್ತಿತ್ತು. ಒಂದೇ ಎಳೆ ಒಳಗೆ ಬಿಳಿ ಕಣಗಳನ್ನು ಕರೆಯುತ್ತಿತ್ತು, ಹೊರಗೆ ಚಿಟ್ಟೆಗಳನ್ನು. ಅಷ್ಟಾಗಿದ್ದರೆ ನಗುವ ಸಂಗತಿಯೇ. ಆದರೆ ಸುಳ್ಳು ಕರೆ ಇಟ್ಟ ಜಾಗದಲ್ಲಿಯೇ ಅಕ್ಕ ದಿನವೆಲ್ಲ ಪುಡಿ ತಿಕ್ಕಿಕೊಂಡಿದ್ದಳು. ಆ ಪುಡಿಗೆ ಅವಳ ಚರ್ಮ ನಿಜವಾದ ಕರೆಯನ್ನೇ ಕೂಗಿತ್ತು. ಸುಳ್ಳು ಕರೆ, ನಿಜವಾದ ಕರೆ ಎರಡೂ ಒಂದೇ ಬಾಗಿಲಲ್ಲಿ ಕೂಡಿದ್ದವು.

ಕೇಂದ್ರದಲ್ಲಿ ಇಮ್ತಿಯಾಜ್ ಪುಟ್ಟತಾಯಿಯ ರಕ್ತ ತೆಗೆದು ನೋಡಿದ. ಆ ಬಗೆಯ ಬಿಳಿ ಕಣ ಹುಡುಕಿದರೂ ಸಿಗಲಿಲ್ಲ. ಮೂಳೆಯೊಳಗೆ ಹುಟ್ಟುವುದೇ ತಡ, ಎಲ್ಲವೂ ಮುಂಗೈಗೆ ನಡೆದುಬಿಡುತ್ತಿದ್ದವು. ಗಂಟು ಮುಟ್ಟಿದರೆ ಕಲ್ಲಿನಂತೆ ಗಟ್ಟಿ. ಅಂದೇ ಎಲ್ಲ ಹೆಂಗಸರ ದಾರ ತೆಗೆಸಿದರು. ಉಳಿದವರ ಗಂಟು ವಾರ ಕಳೆಯುವುದರೊಳಗೆ ಇಳಿಯಿತು. ಅವರ ಉಬ್ಬಸ ಮರಳಿ ಬಂತು, ಅವರು ಮರಳಿ ಮೂಗಿಗೆ ಬಟ್ಟೆ ಕಟ್ಟಿದರು. ಪುಟ್ಟತಾಯಿಯ ಗಂಟು ಇಳಿಯಲಿಲ್ಲ. ದಾರ ಹೋದ ಮೇಲೂ ಬೆಳೆಯಿತು. ಮೊಣಕೈ ದಾಟಿತು, ತೋಳಿಗೆ ಏರಿತು. ಹೊರಗೆ ನೋವಿಲ್ಲ, ಕೆಂಪಿಲ್ಲ. ಬಿಳುಪು ಮಾತ್ರ ಹಾಲು ಹರಿದಂತೆ ಮೇಲೆ ಮೇಲೆ ಹೋಗುತ್ತಿತ್ತು.

ಗುಣವತಿ ಗಂಟಿನಿಂದ ತೆಗೆದ ಕಣಗಳನ್ನು ಗಾಜಿನ ತಟ್ಟೆಯಲ್ಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದಳು. ತಟ್ಟೆಯಲ್ಲಿ ದಾರವಿಲ್ಲ, ಪುಡಿಯಿಲ್ಲ, ಕರೆಯುವ ವಸ್ತು ಯಾವುದೂ ಇಲ್ಲ. ಆದರೂ ಕಣಗಳು ಎಲ್ಲ ಅಂಚುಗಳಿಂದ ನಡುವಿನ ಒಂದು ಬಯಲಿಗೆ ನಡೆದು ಬಂದು ಗುಂಪುಗೂಡುತ್ತಿದ್ದವು. ಮೊದಲು ತಲುಪಿದ ಕಣ ಸಾಯುತ್ತ ತನ್ನೊಳಗಿಂದ ಏನನ್ನೋ ಚೆಲ್ಲುತ್ತಿತ್ತು, ಚೆಲ್ಲಿದ್ದೇ ಕರೆಯಾಗುತ್ತಿತ್ತು, ಅದಕ್ಕೆ ಓಗೊಟ್ಟು ಬಂದದ್ದೂ ಸಾಯುತ್ತ ಕರೆಯುತ್ತಿತ್ತು. ಬಿಳಿ ಕಣಗಳು ಹೀಗೆ ಒಂದಕ್ಕೊಂದು ಕರೆ ದಾಟಿಸುವುದುಂಟೆಂದು ಅವಳು ಓದಿದ್ದಳು. ನಿಲ್ಲದೆ ದಾಟಿಸುವುದನ್ನು ಓದಿರಲಿಲ್ಲ. ಅವಳು ಬೇರೆಯವರ ರಕ್ತದಿಂದ ತೆಗೆದ ಹೊಸ ಕಣಗಳ ಒಂದು ಹನಿಯನ್ನು ಅಂಚಿಗೆ ಬಿಟ್ಟಳು. ಅವೂ ಒಂದು ಗಳಿಗೆ ತಡೆದು, ಮೈ ಚಾಚಿ, ಸಾಲು ಹಿಡಿದು ಹೊರಟವು. ಗೋಡೆಯ ಮೇಲಿನ ಬಿಳಿಯ ಗೆರೆ ಅವಳ ಕಣ್ಣಿಗೆ ಕಟ್ಟಿತು. ಚಿಕ್ಕಂದಿನಲ್ಲಿ ತಾಯಿಯ ಮಡಿಲಲ್ಲಿ ಕೂತು ಕೇಳಿದ, ಊರು ಬರಿದಾದ ಕಥೆಯೂ ನೆನಪಾಗಿ ಅವಳು ದೀಪವನ್ನು ಆರಿಸಿ ಎದ್ದಳು.

ಬಿಳುಪು ಭುಜಕ್ಕೆ ಬಂದ ದಿನ ಪುಟ್ಟತಾಯಿಯ ಉಸಿರು ಮತ್ತೆ ಸದ್ದು ಮಾಡಿತು. ಇಮ್ತಿಯಾಜ್ ತನಗೆ ಗೊತ್ತಿದ್ದ ಔಷಧಗಳನ್ನೆಲ್ಲ ಕೊಟ್ಟು ಮುಗಿಸಿದ್ದ. ಕರೆಗಳು ಹಲವು ಬಗೆಯವು. ಒಂದನ್ನು ತಡೆದರೆ ಕಣಗಳು ಇನ್ನೊಂದರಲ್ಲಿ ಕೂಗುತ್ತಿದ್ದವು. ಕೈಯನ್ನೇ ತೆಗೆಯುವ ಹೊತ್ತೂ ಮೀರಿತ್ತು. ಬಿಳುಪು ಇನ್ನು ಇಳಿಯಲಿದ್ದದ್ದು ಎದೆಗೆ. ಅಕ್ಕನನ್ನು ಕೇಂದ್ರದ ಹಾಸಿಗೆಯಲ್ಲಿ ಮಲಗಿಸಿದರೆ ಅವಳು ಎದ್ದು ಗೋಡೆಗೆ ಒರಗಿ ಕೂತಳು. ಅಲ್ಲಿನ ಗೋಡೆಯಲ್ಲಿ ಗುರುತು ಇರಲಿಲ್ಲ. ಇರಬೇಕಾಗಿದ್ದ ಜಾಗದಲ್ಲಿ ಅವಳ ತಲೆ ಇತ್ತು.

ಆ ಮಧ್ಯಾಹ್ನ ನಿಂಗರಾಜಮ್ಮ ರಾಗಿ ಅಂಬಲಿ ತಂದಿದ್ದಳು. ಪುಟ್ಟತಾಯಿಯ ತೋಳನ್ನು ನೋಡಿ ಚೊಂಬನ್ನು ಕೆಳಗಿಟ್ಟಳು. ಗುಣವತಿ ತಟ್ಟೆಯಲ್ಲಿ ಕಂಡದ್ದನ್ನು ಅವಳಿಗೆ ತಿಳಿಯುವಂತೆ ಹೇಳಿದಳು: ಓಗೊಟ್ಟವೇ ಕರೆಯುತ್ತಿವೆ, ಕರೆ ನಿಲ್ಲಿಸಲು ಆಗುತ್ತಿಲ್ಲ ಎಂದು.

‘ಕರೆ ನಿಲ್ಲಿಸಕ್ಕೆ ಯಾರಿಗಾಯ್ತದೆ ಮಗಾ,’ ಎಂದಳು ನಿಂಗರಾಜಮ್ಮ. ‘ಸುತ್ತುಗೂಗು ಹಾಕ್ಬೇಕು. ಬೇರೆ ಏನೈತೆ.’

ಗುಣವತಿಯೂ ಎರಡು ದಿನಗಳಿಂದ ಅದನ್ನೇ ಯೋಚಿಸುತ್ತಿದ್ದಳು, ಬೇರೆ ಹೆಸರಿನಲ್ಲಿ. ಕಣ ನಡೆಯುವುದು ಮುಂದಿನ ಬದಿಗೂ ಹಿಂದಿನ ಬದಿಗೂ ಕರೆಯಲ್ಲಿರುವ ವ್ಯತ್ಯಾಸ ಹಿಡಿದು. ಪ್ರಯೋಗಶಾಲೆಯ ತಣ್ಣನೆಯ ಪೆಟ್ಟಿಗೆಯಲ್ಲಿ ಅವರ ಹುಳುಗಳ ನೂಲಿನಿಂದ ಶುದ್ಧಮಾಡಿ ತೆಗೆದ ಕರೆಯ ದ್ರವ ಬೇಕಾದಷ್ಟಿತ್ತು. ಅದನ್ನು ರಕ್ತಕ್ಕೇ ಸೇರಿಸಿ ದೇಹದ ಮೂಲೆಮೂಲೆಗೂ ತುಂಬಿಬಿಟ್ಟರೆ ಎಲ್ಲ ಬದಿಯೂ ಒಂದೇ ಸಮನಾಗುತ್ತದೆ, ಕಣ ನಿಲ್ಲುತ್ತದೆ. ಆ ಮೊರೆತಕ್ಕೆ ಒಂದೊಂದಾಗಿ ತನ್ನ ಕಿವಿಗಳನ್ನು ಒಳಕ್ಕೆಳೆದುಕೊಂಡು ಕಿವುಡಾಗುತ್ತದೆ. ಯಾವ ಬಗೆಯ ಕರೆಯೂ ಆಮೇಲೆ ಅದಕ್ಕೆ ಕೇಳಿಸದು. ತಟ್ಟೆಯಲ್ಲಿ ಅವಳು ಅದನ್ನು ಮಾಡಿ ನೋಡಿಯಾಗಿತ್ತು. ಕಿವುಡಾದ ಕಣಗಳಿಗೆ ಕಿವಿ ಮತ್ತೆ ಮೂಡಿದ್ದನ್ನು ಮಾತ್ರ ಕಂಡಿರಲಿಲ್ಲ. ಇಮ್ತಿಯಾಜ್ ಅದಕ್ಕೇ ಒಪ್ಪುತ್ತಿರಲಿಲ್ಲ. ಗಾಯವಾದರೆ, ಸೋಂಕು ತಗುಲಿದರೆ, ನಾಳೆ ನಿಜವಾಗಿ ಕರೆಯಬೇಕಾದಾಗ ಯಾರು ಬರುತ್ತಾರೆ ಎಂಬುದು ಅವನ ಪ್ರಶ್ನೆ.

‘ಸುತ್ತುಗೂಗು ಹಾಕಿ ಉಳಿಸಿಕೊಂಡವರು ಇದ್ದಾರಾ, ನಿಂಗರಾಜಮ್ಮ?’

‘ನಮ್ಮ ದೊಡ್ಡಪ್ಪನ್ನ ಹಂಗೇ ಉಳಿಸ್ಕೊಂಡ್ರಂತೆ,’ ಎಂದು ಅವಳು ಅಂಬಲಿಯ ಚೊಂಬಿನ ಬಾಯಿಗೆ ಬಟ್ಟೆ ಕಟ್ಟಿದಳು. ‘ಉಳ್ಕೊಂಡ. ಉಳ್ಕೊಂಡ್ಮೇಲೆ ಹೆಂಗಿದ್ದ ಅಂತ ಯಾರೂ ಕೇಳಲ್ಲ ಬುಡು.’

ತೀರ್ಮಾನ ಮಾಡಬೇಕಾದವಳು ಪುಟ್ಟತಾಯಿ. ಗುಣವತಿ ಏನನ್ನೂ ಮುಚ್ಚಿಡದೆ ಅವಳಿಗೆ ಹೇಳಿದಳು. ಉಸಿರಿಗೂ ಉಸಿರಿಗೂ ನಡುವೆ ಮಾತು ಹುಡುಕಿಕೊಳ್ಳುತ್ತ ಅವಳು ಕೇಳಿದ್ದು ಒಂದನ್ನೇ.

‘ಅವ್ವನಂಗೆ ಕೂತ್ಕೊಂಡೇ ಹೋಗದಾ, ಇಲ್ಲಾ ಮಲಿಕ್ಕಳದಾ?’

‘ಮಲಕ್ಕೊಳ್ಳಬಹುದು, ಅಕ್ಕಯ್ಯ.’

‘ಹಂಗಾರೆ ಕೂಗು.’

ಪುಟ್ಟತಾಯಿಯ ಆ ಮಾತಿನ ಮೇಲೆ ಇಮ್ತಿಯಾಜನೂ ಒಪ್ಪಿ, ಸೂರ್ಯ ಇಳಿಯುವ ಮುಂಚೆಯೇ ಮಾಡಿದರು. ಇಮ್ತಿಯಾಜ್ ಎರಡು ಕೈ, ಎರಡು ಕಾಲುಗಳ ನಾಳಗಳಿಗೂ ಸೂಜಿ ಚುಚ್ಚಿ, ನಾಲ್ಕು ಕಡೆಯಿಂದಲೂ ಒಂದೇ ವೇಗದಲ್ಲಿ ದ್ರವವನ್ನು ಬಿಟ್ಟ. ಪುಟ್ಟತಾಯಿಯ ಮೈಯೆಲ್ಲ ಗಂಧೆ ಎದ್ದು ಕೆಂಪಾಯಿತು. ತುಟಿ ಊದಿತು. ಎದೆಯ ಸದ್ದು ಏರುತ್ತ ಏರುತ್ತ ಹೋಗಿ, ಕೇಳುವವರು ತಮ್ಮ ಉಸಿರನ್ನೂ ಹಿಡಿದು ನಿಂತಾಗ, ಒಮ್ಮೆಲೇ ನಿಂತಿತು. ಗುಣವತಿ ಮೂಗಿನ ಬಳಿ ಕೈ ಹಿಡಿದಳು. ಉಸಿರು ಇತ್ತು. ಕೆಂಪು ನೀರಿಳಿದಂತೆ ಇಳಿಯಿತು, ಅದರ ಹಿಂದೆಯೇ ತೋಳಿನ ಬಿಳುಪೂ ತೇಲಿ ಕರಗಿ ಚರ್ಮದ ಬಣ್ಣ ಮೂಡಿತು. ಸಂಜೆ ಕೋಠಿಯಿಂದ ಬಂದವರು ಇನ್ನೊಂದು ಸಂಗತಿ ಹೇಳಿದರು. ಅದೇ ಹೊತ್ತಿಗೆ ತಟ್ಟೆಗಳಲ್ಲಿದ್ದ ಗಂಡು ಚಿಟ್ಟೆಗಳು ಹೆಣ್ಣುಗಳನ್ನು ಬಿಟ್ಟು, ಇದ್ದಲ್ಲೇ ಸುತ್ತತೊಡಗಿದವಂತೆ. ಇದನ್ನು ನಂಬದವರೂ ಊರಲ್ಲಿದ್ದಾರೆ. ಕೇಂದ್ರಕ್ಕೂ ಕೋಠಿಗೂ ನಡುವೆ ಕೆರೆಯ ಏರಿಯೇ ಇದೆ. ಅಷ್ಟು ದೂರದ ಕರೆ ಚಿಟ್ಟೆಗೆ ಹೇಗೆ ಕೇಳಿಸೀತು ಎನ್ನುತ್ತಾರೆ.

ಪುಟ್ಟತಾಯಿ ಮನೆಗೆ ಬಂದಳು, ಅಂಗಾತ ಮಲಗಿದಳು, ಸದ್ದಿಲ್ಲದೆ ಉಸಿರಾಡಿದಳು. ಕೋಠಿಯ ಕೆಲಸಕ್ಕೂ ಹೋದಳು. ಎಷ್ಟು ಪುಡಿ ಎದ್ದರೂ ಅವಳು ಸೀನಲಿಲ್ಲ. ಗುಣವತಿಗೆ ಅದನ್ನು ಕಂಡು ಸಂತೋಷಪಡಲು ಆಗಲಿಲ್ಲ. ತಿಂಗಳುಗಳು ಕಳೆದರೂ ಅಕ್ಕನ ರಕ್ತದಲ್ಲಿ ಬಿಳಿ ಕಣಗಳು ಉರುಳಿಕೊಂಡು ಹೋಗುತ್ತಲೇ ಇದ್ದವು, ಯಾವುದೂ ಎಲ್ಲಿಯೂ ನಿಲ್ಲುತ್ತಿರಲಿಲ್ಲ. ಒಂದು ಸಂಜೆ ಅಕ್ಕನ ಕಾಲು ತೊಳೆದ ನೀರಿನಲ್ಲಿ ವಾಸನೆ ಬಂತೆಂದು ನೋಡಿದರೆ ಅಂಗಾಲಿನಲ್ಲಿ ಜಾಲಿಮುಳ್ಳೊಂದು ಹೂತಿತ್ತು. ಸುತ್ತ ಕೆಂಪಿರಲಿಲ್ಲ, ಊತವಿರಲಿಲ್ಲ, ಕೀವು ಕೂಡ ಇರಲಿಲ್ಲ. ಮುಳ್ಳಿನ ಸುತ್ತ ಮಾಂಸ ಸುಮ್ಮನೆ ಕಪ್ಪಾಗುತ್ತಿತ್ತು. ದೇಹ ಕರೆದಿತ್ತು, ಯಾರೂ ಬಂದಿರಲಿಲ್ಲ. ಗುಣವತಿ ಮುಳ್ಳು ತೆಗೆದು, ಕಪ್ಪನ್ನು ಕೆತ್ತಿ, ಔಷಧ ತುಂಬಿದಳು. ಅಂದಿನಿಂದ ಒಂದು ದಿನವೂ ತಪ್ಪದೆ ದೀಪ ಹಿಡಿದು ಅಕ್ಕನ ಮೈಯನ್ನು ತಲೆಯಿಂದ ಕಾಲಿನವರೆಗೆ ಹುಡುಕುವುದು ಅವಳ ಕೆಲಸವಾಯಿತು. ಬರಬೇಕಾದವರು ಬಾರದ ಮೇಲೆ ಅವಳೇ ಬರಬೇಕಾಗಿತ್ತು.

ಇಷ್ಟನ್ನು ಹೇಳಿ ಕಥೆ ಮುಗಿಸುವವರಿದ್ದಾರೆ. ನಿಂಗರಾಜಮ್ಮನ ಮನೆಯ ಕಡೆಯವರು ಮುಗಿಸುವುದು ಹೀಗೆ.

ಒಂದು ದಿನ ಗುಣವತಿ ಕೇಂದ್ರದಿಂದ ಬರುವುದು ತಡವಾಗಿ, ಮನೆಯಲ್ಲಿ ದೀಪ ಹಚ್ಚಿಯಾಗಿತ್ತು. ಬಾಗಿಲು ಓರೆಯಾಗಿತ್ತು. ಊರ ಪದ್ಧತಿಯಂತೆ ಅವಳು ಅಂಗಳದಲ್ಲಿ ನಿಂತು ಅಕ್ಕಯ್ಯ ಎಂದು ಕೂಗಿದಳು. ಒಳಗಿನಿಂದ ಉತ್ತರವಿಲ್ಲ, ಇರಬಾರದು ಕೂಡ. ಎರಡನೆಯ ಸಲ ಕೂಗಿದಳು. ಮೂರನೆಯ ಸಲ ಕೂಗಿದಳು. ‘ಓ’ ಎಂಬ ದನಿ ಬರಲಿಲ್ಲ. ಅವಳು ಬಾಗಿಲು ದೂಡಿ ಒಳಗೆ ಹೋದಳು.

ಪುಟ್ಟತಾಯಿ ನಡುಮನೆಯ ನಟ್ಟನಡುವೆ ನಿಂತಿದ್ದಳು. ಗೋಡೆಯ ಗುರುತಿನ ಕಡೆ ತಿರುಗಿದಳು. ಅಲ್ಲಿಂದ ಅಡಿಗೆಮನೆಯ ಕಡೆಗೆ, ಅಲ್ಲಿಂದ ಕೋಠಿಯ ಗೋಡೆಗೆ, ಅಲ್ಲಿಂದ ಸೂರಿಗೆ. ಒಂದೊಂದು ಕಡೆಗೂ ಒಂದೊಂದು ಹೆಜ್ಜೆ ಎತ್ತುತ್ತಿದ್ದಳು, ಇಡದೆ ಹಿಂದಕ್ಕೆ ತೆಗೆಯುತ್ತಿದ್ದಳು. ಕಣ್ಣುಗಳು ತೆರೆದೇ ಇದ್ದವು. ಗುಣವತಿ ಅವಳೆದುರಿಗೆ ಬಂದು ನಿಂತಳು. ಆ ಕಣ್ಣುಗಳು ಅವಳ ಮುಖದ ಮೇಲೆ ಹಾದು, ನಿಲ್ಲದೆ, ಮುಂದಕ್ಕೆ ಹೋದವು.

‘ಎಲ್ಲಿದ್ದೀಯೇ ಗುಣಾ?’ ಎಂದಳು ಪುಟ್ಟತಾಯಿ, ಮಗುವನ್ನು ಹುಡುಕುವ ದನಿಯಲ್ಲಿ. ‘ಆಗ್ಲಿಂದ ಕೇಳ್ತಾನೇ ಅವ್ನಿ. ಎಲ್ಲಾ ಕಡೆಯಿಂದ್ಲೂ ಕರೀತಿದ್ದೀಯ.’

ಗುಣವತಿ ಬಾಯಿ ತೆರೆದವಳು ಮುಚ್ಚಿಕೊಂಡಳು. ಇನ್ನೊಂದು ಮಾತು ಆಡಿದರೆ ಅದೂ ಇನ್ನೊಂದು ಕರೆಯಾಗುತ್ತಿತ್ತು. ಅವಳು ಸದ್ದಿಲ್ಲದೆ ಮುಂದೆ ಹೋಗಿ, ಹೊಲಿಗೆಯ ಕಲೆ ಉಳಿದಿದ್ದ ಆ ಮುಂಗೈಯನ್ನು ತನ್ನ ಎರಡು ಕೈಗಳಲ್ಲಿ ಹಿಡಿದಳು. ಎತ್ತಿದ್ದ ಹೆಜ್ಜೆ ಆಗ ನೆಲಕ್ಕೆ ಇಳಿಯಿತು.

ಕೋಠಿಯ ಪಕ್ಕದ ಆ ಮನೆಯಲ್ಲಿ ಆಮೇಲೆ ಯಾರೂ ಯಾರನ್ನೂ ಹೆಸರು ಹಿಡಿದು ಕೂಗಲಿಲ್ಲ. ಏನು ಹೇಳಬೇಕಾದರೂ ಹತ್ತಿರ ಬಂದು, ಮೊದಲು ಮುಟ್ಟಿ, ಆಮೇಲೆ ಹೇಳುತ್ತಿದ್ದರು. ಇವತ್ತಿಗೂ ಆ ಬೀದಿಯಲ್ಲಿ ದೀಪ ಹಚ್ಚಿದ ಮೇಲೆ ಯಾರಾದರೂ ಪುಟ್ಟತಾಯಿಯ ಹೆಸರನ್ನು ಕೂಗಿದರೆ, ಮೂರು ಸಲವಲ್ಲ, ಮೂವತ್ತು ಸಲ ಕೂಗಿದರೂ ಒಳಗಿನಿಂದ ಓಗೊಡುವುದಿಲ್ಲವಂತೆ. ಕಿಟಕಿಯಲ್ಲಿ ನೋಡಿದರೆ ಮಾತ್ರ, ದೀಪದ ಮುಂದೆ ಒಂದು ನೆರಳು ನಿಧಾನವಾಗಿ ಸುತ್ತುವುದೂ ಇನ್ನೊಂದು ನೆರಳು ಬಂದು ಅದರ ಕೈ ಹಿಡಿದುಕೊಳ್ಳುವುದೂ ಕಾಣುತ್ತದಂತೆ.